ಹನ್ನೆರಡು ಗಂಟೆ ಮೂರು ನಿಮಿಷ

ಏಪ್ರಿಲ್‌ನ ಒಂದು ಸೋಮವಾರ ಪ್ರೊಫೆಸರ್ ಹಾಸೆಲ್‌ಬಾಖ್ ಒಂದು ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದುಕೊಂಡು ವಿಭಾಗದ ಕಾರ್ಯದರ್ಶಿಯಾದ ನನ್ನ ಆಫೀಸಿಗೆ ಬಂದರು.

"ಫ್ರೌ ಪಿಖ್ಲರ್, ಇವನ್ಯಾರು, ನನ್ನ ಬಾಲ್ಯಸ್ನೇಹಿತನಾ?"

ಓದಿದೆ. "ಹಾಯ್ ಲಿಯೋಪೋಲ್ಡ್, ನೀನು ಇನ್ನೂ ಮೂರು ಥೀಸಿಸ್ ನೋಡಿಲ್ಲ. ಬೇಗ ನೋಡು."

ಅರವತ್ತನಾಲ್ಕು ವರ್ಷದ ಅವರನ್ನು ಹೆಂಡತಿಯ ಹೊರತು ಯಾರೂ ಲಿಯೋಪೋಲ್ಡ್ ಎನ್ನುವುದಿಲ್ಲ. ಇದನ್ನು ಬರೆದದ್ದು ಮನುಷ್ಯನಲ್ಲ, ಹೊಸ ಪೋರ್ಟಲ್ ಎಂದು ವಿವರಿಸಿದೆ. ಪ್ರಬಂಧ ಸಲ್ಲಿಸುವುದು, ತಿದ್ದುವುದು, ಅಂಕ ಕೊಡುವುದು ಎಲ್ಲ ಇನ್ನು ಅದರಲ್ಲೇ. ಕಟ್ಟಿದವರು ಸ್ವೀಡನ್ನಿನ ಉತ್ತರದ ಒಂದು ವಿಶ್ವವಿದ್ಯಾಲಯದವರು. ಹೊರದೇಶಗಳಲ್ಲಿ ಅದನ್ನು ಮೊದಲು ಬಳಸುತ್ತಿರುವವರು ಗ್ರಾಜ್‌ನ ನಾವು ಮತ್ತು ಪೋರ್ಚುಗಲ್‌ನ ಬ್ರಾಗಾದವರು.

"ಹಾಗಾದ್ರೆ ಆ ಪೋರ್ಟಲ್‌ಗೆ ಹೇಳಿ," ಎಂದರು ಪ್ರೊಫೆಸರ್. "ನಾನು ಅದರೊಳಗೆ ಕಾಲಿಡಲ್ಲ."

ಮರುದಿನ ಅದನ್ನು ಕಟ್ಟಿದವನೇ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಕೈಯಲ್ಲಿ ಸೈಕಲ್ ಹೆಲ್ಮೆಟ್.

"ನೀನು ಮಾರ್ಲೀಸ್ ಅಲ್ವಾ?"

"ನಾನು ಫ್ರೌ ಪಿಖ್ಲರ್. ನೀವು?"

"ತೂರೆ."

"ಅದು ಮನೆಹೆಸರಾ?"

"ಅಲ್ಲ. ಮನೆಹೆಸರು ನೂರ್ಬೆರಿ. ಅದನ್ನ ಅಮ್ಮನ ಮನೆ ಬಾಗಿಲ ಮೇಲೆ ಮಾತ್ರ ಬರೆದಿದೆ."

ಶಾಲೆಯಲ್ಲಿ ಕಲಿತ ಅವನ ಜರ್ಮನ್ ಚೆನ್ನಾಗಿಯೇ ಇತ್ತು. 'ನೀವು' ಪಾಠದ ದಿನ ಮಾತ್ರ ರಜೆ ಹಾಕಿದ್ದಿರಬೇಕು. ಅವರ ಊರಲ್ಲಿ ಕುಲಪತಿಯೂ 'ನೀನು', ಕಸ ಗುಡಿಸುವವರೂ 'ನೀನು'.

"ಎಲ್ಲರೂ ನೀನೇ ಆದ್ರೆ, ಹತ್ತಿರದವರನ್ನ ಏನಂತೀರ?" ಎಂದು ಕೇಳಿದೆ.

ಅವನು ನಿಜವಾಗಿಯೂ ಯೋಚಿಸಿದ. ಯೋಚಿಸುವಾಗ ನನ್ನ ಮುಖ ನೋಡದೆ ನನ್ನ ಕೈಲಿದ್ದ ಪೆನ್ನು ನೋಡುತ್ತಿದ್ದ. ಪೆನ್ನು ಅಲುಗಾಡಿಸಿದೆ. ಕಣ್ಣು ಅದರ ಹಿಂದೆಯೇ ಹೋಯಿತು.

"ಏನೂ ಅನ್ನಲ್ಲ," ಎಂದ ಕೊನೆಗೆ. "ಅವರ ಜೊತೆ ಇನ್ನೂ ಕಡಿಮೆ ಮಾತಾಡ್ತೀವಿ."

ಮುಂದಿನ ಆರು ವಾರ ಪೋರ್ಟಲ್‌ನ ಒಂದೊಂದು ಸಂದೇಶವನ್ನೂ ನಾವಿಬ್ಬರು ತಿದ್ದಿದೆವು. 'ಹಾಯ್' ಹೋಗಿ 'ಮಾನ್ಯ' ಬಂತು. 'ಬೇಗ ನೋಡು' ಎಂಬುದು 'ತಮ್ಮ ಬಿಡುವಿನಲ್ಲಿ, ಆದರೆ ಶುಕ್ರವಾರದೊಳಗೆ, ಪರಿಶೀಲಿಸಬೇಕಾಗಿ ವಿನಂತಿ' ಎಂದಾಯಿತು. ಬ್ರಾಗಾದಿಂದ 'ತಿರಸ್ಕರಿಸು' ಎಂಬ ಬಟನ್ ತೆಗೆದುಬಿಡಿ ಎಂದು ಪತ್ರ ಬಂತು. ಅಲ್ಲಿ ಯಾವ ಗೈಡೂ ಅದನ್ನು ಮುಟ್ಟುತ್ತಿರಲಿಲ್ಲವಂತೆ. ಫೋನ್ ಮಾಡಿ, ಮೊದಲು ಊಟದ ವಿಚಾರ ಮಾತಾಡಿ, ಆಮೇಲೆ ಎರಡನೆಯ ಅಧ್ಯಾಯ ಇನ್ನೊಮ್ಮೆ ಬರೆಯಲು ಹೇಳುತ್ತಿದ್ದರಂತೆ.

"ಊಟದ ವಿಚಾರಕ್ಕೂ ಒಂದು ಬಟನ್ ಮಾಡಿಬಿಡಿ," ಎಂದೆ.

ಅವನು ನಗಲಿಲ್ಲ. ಆದರೆ ಕಿವಿಯ ತುದಿ ಕೆಂಪಾಯಿತು. ಅದೇ ಅವನ ನಗು ಎಂದು ತಿಳಿಯಲು ನನಗೆ ಎರಡು ವಾರ ಹಿಡಿದಿತ್ತು. ಆಮೇಲೆ ಆ ಕಿವಿ ಕೆಂಪಾಗಿಸುವುದೇ ನನಗೊಂದು ಕೆಲಸವಾಯಿತು.

ಒಂದು ಮಧ್ಯಾಹ್ನ ಅವನನ್ನು ಐಸ್‌ಕ್ರೀಮ್ ತಿನ್ನಲು ಕರೆದೊಯ್ದೆ. ನಮ್ಮ ಕಡೆಯ ಪದ್ಧತಿಯಂತೆ ಮೇಲೆ ಕುಂಬಳಬೀಜದ ಎಣ್ಣೆ ಸುರಿಸಿದೆ. ಹೆದರುತ್ತಲೇ ಬಾಯಿಗಿಟ್ಟ, ಆಮೇಲೆ ನನ್ನ ಬಟ್ಟಲನ್ನೂ ಮುಗಿಸಿದ. ಅಂಗಿಯ ಮೇಲೆ ಹಸಿರು ಹನಿ ಬಿತ್ತು.

"ಅದು ಹೋಗಲ್ಲ," ಎಂದೆ. "ತೂರೆ, ಇನ್ಮೇಲೆ ನೀನು ನನ್ನನ್ನ 'ನೀನು' ಅನ್ನಬಹುದು."

"ಈಗ ತಾನೇ 'ನೀವು' ಅನ್ನೋದು ಅಭ್ಯಾಸ ಆಗಿತ್ತು, ಫ್ರೌ ಪಿಖ್ಲರ್," ಎಂದ. ಎರಡೂ ಕಿವಿ ಕೆಂಪಾಗಿದ್ದವು.

ಮೇ ಮೂವತ್ತೊಂದು ಪ್ರಬಂಧ ಸಲ್ಲಿಸುವ ಕೊನೆಯ ದಿನ. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಪೋರ್ಟಲ್ ಮುಚ್ಚಿತು. ಸ್ವಲ್ಪ ಹೊತ್ತಿಗೆ ಸನೆಲಾ ಲ್ಯಾಪ್‌ಟಾಪ್ ಅಪ್ಪಿಕೊಂಡು ಓಡಿಬಂದಳು. ಬೆಳಗಿನ ಜಾವ ಬೇಕರಿಯಲ್ಲಿ ದುಡಿದು ಓದುವ ಹುಡುಗಿ. ನಮ್ಮೂರಿನ ಮೂರ್ ನದಿಯ ಪ್ರವಾಹಗಳ ಬಗ್ಗೆ ಬರೆದಿದ್ದಳು. ಅವಳ ಫೈಲು ತಲುಪಿದ್ದು ಹನ್ನೆರಡು ಗಂಟೆ ಮೂರು ನಿಮಿಷಕ್ಕೆ. ಜುಲೈ ಒಂದಕ್ಕೆ ನಗರದ ನೀರು ಇಲಾಖೆಯಲ್ಲಿ ಕೆಲಸ ಕಾದಿತ್ತು. ಈ ಅವಧಿ ತಪ್ಪಿದರೆ ಪದವಿ ಚಳಿಗಾಲಕ್ಕೆ, ಕೆಲಸ ಬೇರೆಯವರಿಗೆ.

ಹಿಂದೆ ನನ್ನ ಮೇಜಿನ ಮೇಲೊಂದು ಮೊಹರು ಇರುತ್ತಿತ್ತು. ತಾರೀಖು, ಗಂಟೆ ಎರಡನ್ನೂ ಬೆರಳಲ್ಲಿ ತಿರುಗಿಸಬಹುದಿತ್ತು. ಹನ್ನೆರಡು ವರ್ಷಗಳಲ್ಲಿ ಎಷ್ಟು ಸಲ ಅದನ್ನು ಹಿಂದಕ್ಕೆ ತಿರುಗಿಸಿದ್ದೆನೋ.

ಅವಳನ್ನು ಕೂರಿಸಿ, ನೀರು ಕೊಟ್ಟು, ತೂರೆಯ ಬಳಿ ಹೋದೆ.

"ಮೂರು ನಿಮಿಷ ಹಿಂದೆ ಹಾಕು. ನಿನ್ನ ಕೈಲಾಗುತ್ತೆ."

"ಆಗುತ್ತೆ," ಎಂದ. "ಹಾಕಲ್ಲ."

"ಯಾಕೆ?"

"ಅವಳಿಗೆ ನಿನ್ನ ಪರಿಚಯ ಇದೆ, ಬಂದಳು. ಪರಿಚಯ ಇಲ್ಲದವರು ಎಲ್ಲಿಗೆ ಹೋಗ್ಬೇಕು ಮಾರ್ಲೀಸ್?"

"ಅದು ದೊಡ್ಡ ಮಾತು. ಇಲ್ಲಿರೋದು ಒಬ್ಬ ಹುಡುಗಿ."

"ಇಲ್ಲಿಗೆ ಬಂದಿರೋದು ಒಬ್ಬಳು."

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ, ಹೆರ್ ನೂರ್ಬೆರಿ," ಎಂದೆ. 'ನೀವು' ಅವನಿಗೆ ಕೇಳಿಸಿತು. ಈ ಸಲ ಅವನು ನೋಡಿದ್ದು ಪೆನ್ನನ್ನಲ್ಲ, ನನ್ನನ್ನೇ. ಆ ನೋಟದಲ್ಲಿ ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಂಜೆ ಟ್ರಾಮಿನಲ್ಲಿ ಅವನನ್ನು ಬೈದುಕೊಳ್ಳಲು ಹೊರಟವಳಿಗೆ ಬೇರೊಬ್ಬ ನೆನಪಾದ. ಎರಡು ವರ್ಷದ ಹಿಂದೆ, ನಲವತ್ತು ದಾಟಿದ ಒಬ್ಬ ವಿದ್ಯಾರ್ಥಿ ಹನ್ನೆರಡೂಕಾಲಿಗೆ ಬಾಗಿಲಲ್ಲಿ ನಿಂತಿದ್ದ. ಮಾತು ಕಡಿಮೆಯ ಮನುಷ್ಯ. ಅಂದು ನನಗೆ ತಲೆನೋವಿತ್ತು. ಮುಚ್ಚಿದೆ ಎಂದೆ. ಅವನು ಎದುರಾಡದೆ, ಥ್ಯಾಂಕ್ಸ್ ಹೇಳಿ ಹೊರಟುಹೋದ. ಅವನ ಹೆಸರು ಕೂಡ ನನಗೆ ನೆನಪಾಗಲಿಲ್ಲ.

ಬೆಳಿಗ್ಗೆ ಏಳೂವರೆಗೇ ಆಫೀಸಿಗೆ ಹೋದೆ. ತೂರೆ ಆಗಲೇ ಬಂದಿದ್ದ.

"ನೀನು ಹೇಳಿದ್ದು ಸರಿ," ಎಂದೆ. "ಆದ್ರೆ ಸನೆಲಾನೂ ಹೋಗಬಾರದು."

"ನೀನು ಹೇಳಿದ್ದೂ ಸರಿ," ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಅಲ್ಲೊಂದು ಹೊಸ ಪುಟ. ತಡವಾದವರು ಒಂದು ದಿನದೊಳಗೆ ಕಾರಣ ಬರೆಯಬಹುದು, ಒಪ್ಪುವುದು ಬಿಡುವುದು ಅವರವರ ಗೈಡ್‌ಗೆ ಸೇರಿದ್ದು. "ಡೀನ್‌ಗೆ ನಿನ್ನೆ ಸಂಜೆಯೇ ಫೋನ್ ಮಾಡಿ ಒಪ್ಪಿಗೆ ತಗೊಂಡೆ. ತಡವಾದ ಎಲ್ಲರಿಗೂ ಪತ್ರ ಹೋಗಿದೆ. ಒಟ್ಟು ಏಳು ಜನ."

ಹೆಸರುಗಳನ್ನು ಓದಿದೆ. ಆ ಏಳರಲ್ಲಿ ನನ್ನ ಬಾಗಿಲು ತಟ್ಟಿದವಳು ಸನೆಲಾ ಒಬ್ಬಳೇ. ಉಳಿದ ಆರು ಜನರ ಮುಖವನ್ನೂ ನಾನು ಕಂಡಿರಲಿಲ್ಲ.

ಕಷ್ಟ ಒಂದೇ ಇತ್ತು. ಏಳರಲ್ಲಿ ಮೂವರ ಗೈಡ್ ಪ್ರೊಫೆಸರ್ ಹಾಸೆಲ್‌ಬಾಖ್. ಸನೆಲಾಳ ಗೈಡೂ ಅವರೇ. ಮೇಲಿನ ಮಹಡಿಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸುತ್ತ ಕೇಳಿದರು.

"ಈಗ ಅದು ನನ್ನನ್ನ ಏನಂತ ಕರೆಯುತ್ತೆ?"

"ಮಾನ್ಯ ಪ್ರೊಫೆಸರ್ ಡಾಕ್ಟರ್ ಹಾಸೆಲ್‌ಬಾಖ್ ಅವರೇ, ಅಂತ."

"ಹಾಗಿದ್ರೆ ಪಾಸ್‌ವರ್ಡ್ ಕೊಡಿ."

ಒಂದೇ ಬೆರಳಲ್ಲಿ ಒತ್ತಿದರು. ಆಗಲೇ ಬಂದಿದ್ದ ಮೂರೂ ಕಾರಣಗಳನ್ನು ಎರಡೆರಡು ಸಲ ಓದಿದರು. ಸನೆಲಾ ಬರೆದದ್ದು ಒಂದೇ ಸಾಲು: 'ಬ್ರೆಡ್ಡು ಬೇಯುವುದು ತಡವಾಯಿತು, ಬಿಟ್ಟು ಬರಲಾಗಲಿಲ್ಲ.' ಮೂವರಿಗೂ ಒಪ್ಪಿಗೆ ಕೊಟ್ಟು, "ಇದರಲ್ಲಿ ಕಾಗುಣಿತ ತಿದ್ದೋದು ಎಲ್ಲಿ?" ಎಂದು ಕೇಳಿದರು. ಅಂದಿನಿಂದ ಅವರು ಪೋರ್ಟಲ್‌ನಿಂದ ಹೊರಗೆ ಬಂದಿಲ್ಲ.

ಜೂನ್ ಕೊನೆಗೆ ಸನೆಲಾ ಪದವಿ ಪಡೆದಳು. ತೂರೆ ಶನಿವಾರ ಸ್ವೀಡನ್ನಿನ ತನ್ನೂರು ಉಮಿಯೋಗೆ ಹಿಂತಿರುಗುವವನಿದ್ದ. ಗುರುವಾರ ಮಧ್ಯಾಹ್ನ ಅವನನ್ನು ಊರಾಚೆಯ ಗುಡ್ಡದ ಮೇಲಿನ ದ್ರಾಕ್ಷಿ ತೋಟದ ವೈನಂಗಡಿಗೆ ಕರೆದೊಯ್ದೆ. ಹಲಗೆಯ ಮೇಲೆ ತಣ್ಣಗಿನ ಮಾಂಸ, ಮೊಟ್ಟೆ, ತುರಿದ ಮೂಲಂಗಿ ಬಂತು, ಜೊತೆಗೆ ಬಿಳಿ ವೈನು. ಅವನು ಪೋರ್ಟಲ್ ಬಗ್ಗೆ ಮಾತಾಡಿದ. ಆಮೇಲೆ ಹವೆಯ ಬಗ್ಗೆ. ಆಮೇಲೆ ಮತ್ತೆ ಪೋರ್ಟಲ್ ಬಗ್ಗೆ.

ಅವನು ಶುರುಮಾಡುವವರೆಗೆ ಕಾದರೆ ಶನಿವಾರವೇ ಬಂದುಬಿಡುತ್ತದೆ ಅನಿಸಿತು.

"ತೂರೆ, ನನಗೆ ನೀನಂದ್ರೆ ಇಷ್ಟ. ಕೆಲಸದ ಮಾತಲ್ಲ ಇದು. ನಿನಗೂ ಹಾಗೇ ಇದ್ದರೆ ಹೇಳು. ಇಲ್ಲದಿದ್ರೆ ಮೂಲಂಗಿ ಮುಗಿಸು, ಬಸ್ಸಿಗೆ ಹೊತ್ತಾಯ್ತು."

ಅವನು ಫೋರ್ಕ್ ಕೆಳಗಿಟ್ಟ. ನಂತರ ತುಟಿ ಚೂಪು ಮಾಡಿ, ಬಿಸಿ ಸೂಪು ಹೀರಿದವನಂತೆ 'ಶ್ಶುಪ್' ಎಂದು ಉಸಿರು ಒಳಗೆಳೆದುಕೊಂಡ.

ಗಾಬರಿಯಾಯಿತು. "ಏನಾಯ್ತು? ಗಂಟಲಿಗೆ ಸಿಕ್ಕಿಕೊಂಡಿತಾ?"

"ಇಲ್ಲ."

"ಮತ್ತೆ ಅದೇನು?"

"ನಮ್ಮೂರಲ್ಲಿ ಅದು... ಹೌದು ಅಂತ."

ನಾನು ನಕ್ಕ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. "ಪ್ರಪಂಚದಲ್ಲಿ ಯಾರಾದ್ರೂ ಹೀಗೆ ಒಪ್ಕೋತಾರಾ? ಇನ್ನೊಂದು ಸಲ ಹೇಳು."

ಹೇಳಿದ. ಆಮೇಲೆ ನನ್ನ ಕೈ ಹಿಡಿದುಕೊಂಡು ನಮ್ಮ ಭಾಷೆಯಲ್ಲೂ ಹೇಳಿದ. ನಿಧಾನವಾಗಿ, ಒಂದು ಅಕ್ಷರವನ್ನೂ ನುಂಗದೆ. "ಮೊದಲ ವಾರದಿಂದಲೂ," ಎಂದು ಸೇರಿಸಿದ.

"ಆರು ವಾರ ಪಕ್ಕದಲ್ಲೇ ಕೂತು ಯಾಕೆ ಹೇಳಲಿಲ್ಲ?"

"ಪಕ್ಕದಲ್ಲಿ ಕೂತಿದ್ನಲ್ಲ," ಎಂದ. ಅವನ ಮಟ್ಟಿಗೆ ಅದೇ ಹೇಳಿದ ಹಾಗಂತೆ.

ಬಸ್ಸು ಬಂತು, ಹೋಯಿತು. ಅಂಗಡಿಯಾಕೆ ಕೇಳದೆಯೇ ಇನ್ನೆರಡು ಗ್ಲಾಸು ತಂದಿಟ್ಟಳು. ಆಗಸ್ಟ್‌ನಲ್ಲಿ ನನಗೆ ಮೂರು ವಾರ ರಜೆ ಇತ್ತು. ಅವನು ಮೊಬೈಲ್ ತೆಗೆದು ರೈಲು ಹುಡುಕಿದ. ಗ್ರಾಜ್‌ನಿಂದ ಉಮಿಯೋಗೆ, ಐದು ರೈಲು, ಎರಡು ದಿನ.

"ನಾನು ಅಲ್ಲಿಗೆ ಹೋಗೋದಕ್ಕೆ ಒಂದು ಟಿಕೆಟ್ ಸಾಕು," ಎಂದೆ. "ವಾಪಸ್ ಬರೋದಕ್ಕೆ ಎರಡು ತಗೋ."

ವಾಪಸ್ಸಿಗೆ ಅವನು ಎರಡು ತೆಗೆದ.