ಸೌಂದರ್ಯಾ ಬಾಯಿ ತೆರೆದಳು

"ಗ್ಲಾಸ್ ಯಾಕ ಇಳಿಸಿದ್ರಿ?"

ಸೌಂದರ್ಯಾ ಬ್ರೇಕ್ ಒತ್ತಿದ ರಭಸಕ್ಕೆ ಡ್ರೈವಿಂಗ್ ಸ್ಕೂಲಿನ ಕಾರು ಕೇಶ್ವಾಪುರದ ನಡುರಸ್ತೆಯಲ್ಲೇ ಗಕ್ಕನೆ ನಿಂತಿತು. ಹಿಂದಿನ ಆಟೋದವನು ಹಾರ್ನ್ ಒತ್ತಿ ಹಿಡಿದ.

ಪಕ್ಕದ ಸೀಟಿನಲ್ಲಿದ್ದ ಶಂಭುಲಿಂಗ ಬೆಚ್ಚಿ ಅವಳ ಕಡೆ ನೋಡಿದ. ಅವನೇ ಆ ಸ್ಕೂಲಿನ ಮಾಲೀಕ, ಅವನೇ ಕಲಿಸುವವನು. ಅವಳಿಗಿದು ಮೊದಲ ದಿನ. ಕನ್ನಡಕಕ್ಕೆ ಹಬೆ ಕಟ್ಟುತ್ತಿದೆ, ಮಾಸ್ಕ್ ತೆಗೆಯಿರಿ ಎಂದು ಹೇಳಿದ್ದೂ ಅವನೇ. ಅವಳು ಅಳುಕುತ್ತ ತೆಗೆದು, ಎರಡನೇ ಗೇರ್ ಯಾವಾಗ ಹಾಕಬೇಕು ಎಂದು ಕೇಳಿದ್ದಳು, ಅಷ್ಟೇ... ಅವನ ಕೈ ಕಿಟಕಿಯ ಗುಂಡಿಗೆ ಹೋಗಿತ್ತು.

"ಮೊದಲ ಗಾಡಿ ಬಾಜೂಕ ತಗೋರಿ..."

"ಮೊದಲ ನೀವು ಹೇಳ್ರಿ! ನನ್ನ ಬಾಯಿ ವಾಸನಿ ಬರತೈತಿ ಅಂತ ಇಳಿಸಿದ್ರಿ, ಹೌದಿಲ್ಲೋ? ಖರೇ ಹೇಳ್ರಿ!"

ಇಂಥ ಪ್ರಶ್ನೆಗೆ ಜನ ಕೊಡುವ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. 'ಛೇ ಛೇ, ಹಂಗೇನಿಲ್ಲ ಬಿಡ್ರಿ' ಎನ್ನುತ್ತಾರೆ, ಮೂಗಿಗೆ ಕರ್ಚೀಫು ಹಿಡಿದುಕೊಂಡೇ!

ಶಂಭುಲಿಂಗ ಹಾಗೆ ಹೇಳಲಿಲ್ಲ.

"ಹೌದ್ರಿ, ಬರತೈತಿ. ಅದಕ್ಕ ಇಳಿಸಿದೆ. ಡಾಕ್ಟರಿಗೆ ತೋರಿಸೀರೇನ್ರಿ?"

ಸೌಂದರ್ಯಾಳ ಕೆನ್ನೆ ಸುಟ್ಟಂತಾಯಿತು. ಕೀಲಿ ತಿರುಗಿಸಿ ಕಾರು ಬಂದ್ ಮಾಡಿ, ಬಾಗಿಲು ದಡ್ಡನೆ ಹಾಕಿ ಇಳಿದುಬಿಟ್ಟಳು. ಅವನು ಹಿಂದಿನಿಂದ ಕೂಗುತ್ತಲೇ ಇದ್ದ. ತಿರುಗಿ ನೋಡಲಿಲ್ಲ.

ಮನೆಗೆ ಬಂದು ಕೋಣೆಯಲ್ಲಿ ಕೂತ ಮೇಲೆ ಕಣ್ಣೀರು ಬಂತು. 'ಸೌಂದರ್ಯಾ ಅಂತ! ಎಂಥಾ ಹೆಸರಿಟ್ಟ ಅಪ್ಪ ನನಗ...'

ಒಂದು ಕಾಲಕ್ಕೆ ಅವಳು ಸಾಲಿಯಲ್ಲಿ ಎರಡನೇ ತರಗತಿಗೆ ಟೀಚರ್. ಮಕ್ಕಳೆಂದರೆ ಜೀವ. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಮೂಗು ಹಿಡಿದು, "ಮಿಸ್, ದೂರ ನಿಂತು ಓದಿಸ್ರಿ" ಅಂದಿದ್ದಳು. ತರಗತಿಗೆ ತರಗತಿಯೇ ನಕ್ಕಿತ್ತು. ಆಮೇಲೆ ಗೋಪನಕೊಪ್ಪದ ಗುರುಸಿದ್ಧನ ಜೊತೆ ಮದುವೆ ನಿಶ್ಚಯ. ಸಕ್ಕರೆ ತಿನ್ನಿಸಲು ಬಾಗಿದ ಅವನ ಸೋದರತ್ತೆ ಕಾಳವ್ವ ಸರಕ್ಕನೆ ಹಿಂದೆ ಸರಿದು, ನೆರೆದವರೆಲ್ಲರಿಗೂ ಕೇಳುವಂತೆ ಅಂದಿದ್ದಳು, "ಅಯ್ಯ! ಇಷ್ಟು ವಾಸನಿ ಬಾಯಿ ಹುಡುಗಿ ಜೋಡಿ ನಮ್ಮ ಹುಡುಗ ಹೆಂಗ ಬಾಳೇವು ಮಾಡ್ತಾನ?" ಗುರುಸಿದ್ಧ ತಲೆ ಎತ್ತಲಿಲ್ಲ. ಮೊಬೈಲ್ ನೋಡುತ್ತ ಕೂತಿದ್ದ.

ನಿಶ್ಚಯ ಮುರಿಯಿತು. ಸೌಂದರ್ಯಾ ಸಾಲಿ ಬಿಟ್ಟಳು. ಈಗ ಆನ್‌ಲೈನ್ ಟ್ಯೂಷನ್. ಪರದೆಯ ಆ ಕಡೆಗೆ ಉಸಿರು ಹೋಗುವುದಿಲ್ಲವಲ್ಲ! ಬಸ್ಸಿನಲ್ಲಿ ಯಾರ ಪಕ್ಕವೂ ಕೂರುವುದು ಬೇಡವೆಂದೇ ಕಾರು ಕಲಿಯಲು ಹೊರಟಿದ್ದಳು.

"ಡ್ರೈವಿಂಗ್ ಸ್ಕೂಲ್ ಹುಡುಗ ಫೋನ್ ಮಾಡಿದ್ದ ನೋಡವಾ" ಎನ್ನುತ್ತ ಅಪ್ಪ ಮಡಿವಾಳಪ್ಪ ಒಳಗೆ ಬಂದ. "ನಾಳಿ ಕ್ಲಾಸಿಂದು ಏನೋ ಅಂದ. ಅಂಗಡ್ಯಾಗ ಗದ್ದಲ, ಸರಿಯಾಗಿ ಕೇಳ್ಸಲಿಲ್ಲ."

"ಬರಬ್ಯಾಡ ಅಂದಿರಬೇಕು" ಎಂದಳು ಅವ್ವ ಮೆಲ್ಲಗೆ. "ಲವಂಗ ಹಾಕ್ಕೊಂಡು ಹೋಗು ಅಂದ್ರ ಎಲ್ಲಿ ಕೇಳ್ತಿ ನೀ..."

ಸೌಂದರ್ಯಾಳ ಮೈಯೆಲ್ಲ ಉರಿಯಿತು. ಲವಂಗ, ಏಲಕ್ಕಿ, ಸೋಂಪು... ಎಷ್ಟು ವರ್ಷ ಜಗಿದಿದ್ದಾಳೆ! ಸಾಕು!

ಮರುದಿನ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತಳು. ಮಾಸ್ಕ್ ಹಾಕಿರಲಿಲ್ಲ.

"ನನ್ನ ತಗದು ಹಾಕೋದಿದ್ರ ನನಗs ಹೇಳ್ರಿ. ನಮ್ಮಪ್ಪಗ ಯಾಕ ಫೋನ್ ಮಾಡ್ತೀರಿ?"

ಶಂಭುಲಿಂಗ ಕುರ್ಚಿಯಿಂದ ಎದ್ದುನಿಂತ. "ತಗದು ಹಾಕೋದಾ? ನೀವು ಸಿಟ್ಟಾಗಿ ಹೋದ್ರಿ. ನಾಳಿ ಅದs ಹೊತ್ತಿಗೆ ಕಳಸ್ರಿ, ಕ್ಲಾಸ್ ತಪ್ಪಿಸಬ್ಯಾಡ್ರಿ ಅಂತ ಹೇಳಾಕ ಫೋನ್ ಮಾಡಿದ್ದೆ!"

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.

"ನಿಮಗ ನೋವಾತು, ಗೊತ್ತೈತ್ರಿ" ಎಂದ ಅವನು. "ನಮ್ಮವ್ವಗೂ ಹಿಂಗs ಇತ್ತು. ಸಕ್ಕರಿ ಕಾಯಿಲೆ, ವಸಡೆಲ್ಲಾ ಕೀವು. ಮಂದಿ ದೂರ ಸರದು ಕುಂತ್ರು, ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ಡಾಕ್ಟರ್ ಕಡೆ ಹೋಗೋದ್ರಾಗ ಹಲ್ಲೆಲ್ಲಾ ಅಲುಗ್ಯಾಡಾಕತ್ತಿದ್ವು. ಅದಕ್ಕ... ನಿಮಗ ಸುಳ್ಳು ಹೇಳಾಕ ಮನಸು ಬರಲಿಲ್ರಿ."

ಸೌಂದರ್ಯಾ ಅವನನ್ನೇ ನೋಡಿದಳು. ಆ ಕಣ್ಣುಗಳಲ್ಲಿ ಅಸಹ್ಯವಿರಲಿಲ್ಲ. ಹುಡುಕಿದರೂ ಸಿಗಲಿಲ್ಲ!

"ನಡೀರಿ" ಎಂದಳು. "ಇವತ್ತಿನ ಕ್ಲಾಸ್ ಮುಗಸ್ರಿ. ಆಮ್ಯಾಲೆ ನಾ ದವಾಖಾನಿಗೆ ಹೋಗೂದೈತಿ."

ಹಲ್ಲಿನ ಡಾಕ್ಟರು ಹಲ್ಲೆಲ್ಲ ಸ್ವಚ್ಛ ಮಾಡಿದರು. ಒಂದು ಹುಳುಕು ತುಂಬಿದರು. ನಾಲಿಗೆಯ ಹಿಂಭಾಗವನ್ನೂ ದಿನಾ ಉಜ್ಜಬೇಕೆಂದು ಕಲಿಸಿದರು. ಸ್ವಲ್ಪ ಕಡಿಮೆಯಾಯಿತು, ಆದರೆ ಹೋಗಲಿಲ್ಲ. "ವಸಡು ಗಟ್ಟಿ ಅದಾವು. ಒಮ್ಮೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಸ್ರಿ" ಎಂದರು.

ಗಂಟಲಿನ ಡಾಕ್ಟರ್ ಶಮೀಮ ಲೈಟು ಹಿಡಿದು, "ಆ... ಅನ್ನು, ಇನ್ನೂ ಅಗಲ" ಎಂದರು. ಒಂದು ಸಣ್ಣ ಸಲಕರಣೆಯಿಂದ ಗಂಟಲ ಪಕ್ಕದಲ್ಲಿ ಮೆಲ್ಲಗೆ ಒತ್ತಿ, ಏನನ್ನೋ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟರು. ಅಕ್ಕಿ ನುಚ್ಚಿನಷ್ಟಿದ್ದ ಹಳದಿ ಹರಳು!

"ನಿನ್ನ ವೈರಿ ಇದs ನೋಡವಾ. ನಿನ್ನ ಟಾನ್ಸಿಲ್‌ನ್ಯಾಗ ಆಳವಾದ ತೂತು ಅದಾವು. ಉಂಡದ್ದರ ಚೂರು ಅದರಾಗ ಸಿಕ್ಕು ಕೊಳೀತಾವು, ಹಿಂಗ ಗಟ್ಟಿ ಆಗ್ತಾವು. ಮ್ಯಾಲೆ ಸೈನಸ್ ಬ್ಯಾರೆ. ಮೂಗಿನ ಕಫ ಹಿಂದಿನಿಂದ ಗಂಟಲಿಗೆ ಇಳಿಯಾಕತ್ತೈತಿ."

"ಹೊಟ್ಟಿ ಸರಿ ಇಲ್ಲ ಅದಕ್ಕs ಅಂತಿದ್ರು ಎಲ್ಲಾರೂ..."

"ಹಂಗs ಅಂತಾರ. ಖರೇ ಅಂದ್ರ ಭಾಳ ಮಂದಿಗೆ ಕಾರಣ ಬಾಯಾಗs ಇರತೈತಿ. ಕೆಲವರಿಗೆ ಮೂಗು, ಗಂಟಲು. ಹೊಟ್ಟಿಯಿಂದ ಬರೋದು ಕಡಿಮಿ. ನೀ ಎಷ್ಟು ಹಲ್ಲು ತಿಕ್ಕಿದ್ರೂ ಇದು ಹೋಗ್ತಿದ್ದಿಲ್ಲ."

"ಅಂದ್ರ..." ಸೌಂದರ್ಯಾಳ ದನಿ ನಡುಗಿತು. "ನಾ ಗಲೀಜ ಅಲ್ರಿ?"

"ಗಲೀಜ ಅಂತ ಯಾರಂದ್ರು? ಕರ್ಕೊಂಡು ಬಾ, ಅವರ ಬಾಯಿನೂ ಒಮ್ಮೆ ನೋಡೋಣು!"

ಅವಳು ಅಳುತ್ತಳುತ್ತಲೇ ನಕ್ಕುಬಿಟ್ಟಳು.

ಸೈನಸ್ಸಿಗೆ ಔಷಧಿ, ಮೂಗು ತೊಳೆಯುವುದು, ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು... ತಿಂಗಳುಗಟ್ಟಲೆ ನಡೆಯಿತು, ಡ್ರೈವಿಂಗ್ ಕ್ಲಾಸಿನ ಜೊತೆಜೊತೆಗೇ. ಮೂಗು ಸರಿಹೋಯಿತು, ಹರಳು ಮಾತ್ರ ಮತ್ತೆ ಮತ್ತೆ ಕಟ್ಟುತ್ತಿತ್ತು. ಕೊನೆಗೆ ಟಾನ್ಸಿಲ್ ತೆಗೆಯುವುದೇ ದಾರಿ ಎಂದರು ಡಾಕ್ಟರ್.

"ಮದುವಿ ಆಗದ ಹುಡುಗಿಗೆ ಆಪರೇಷನ್ನಾ? ಮಂದಿ ಏನಂದಾರು!" ಅವ್ವ ಗಾಬರಿಯಾದಳು.

"ಮಂದಿ ಅನ್ನೋದೆಲ್ಲಾ ಅಂದು ಮುಗಿಸ್ಯಾರ ಬೇ. ಇನ್ನೇನು ಉಳದೈತಿ? ಈ ಗಂಟಲಾ ನಂದು. ನಾ ಮಾಡಿಸ್ಕೊಳ್ಳಾಕಿ!"

ಮಡಿವಾಳಪ್ಪ ಮಗಳ ಮುಖ ನೋಡಿ, "ಮಾಡಿಸು" ಎಂದ.

ಆಪರೇಷನ್ ಆಯಿತು. ಗಂಟಲಲ್ಲಿ ಕೆಂಡ ಇಟ್ಟಂಥ ನೋವು. ಗಾಯ ಮಾಯುವವರೆಗೆ ವಾಸನೆ ಇನ್ನೂ ಹೆಚ್ಚುತ್ತದೆ, ಅದು ಸಹಜ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಹಾಗೇ ಆಯಿತು. ಅವಳಿಗೇ ತನ್ನ ಉಸಿರು ಬೇಡವೆನಿಸುತ್ತಿತ್ತು.

ಅಂಥ ಹೊತ್ತಿನಲ್ಲೇ ಶಂಭುಲಿಂಗ ಐಸ್‌ಕ್ರೀಮ್ ಹಿಡಿದು ಮನೆಗೆ ಬಂದ.

ಅವಳು ಮುಖ ಗೋಡೆಗೆ ತಿರುಗಿಸಿ, ದೂರ ಕೂರಿ ಎಂದು ಕೈ ಮಾಡಿದಳು. ಅವನು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡು ಕೂತ.

"ಮಾತಾಡಬ್ಯಾಡ್ರಿ. ರಸ್ತೆ ಚಿಹ್ನೆ ತೋರಸ್ತೇನಿ, ಕೈ ಮಾಡಿ ಉತ್ತರಾ ಹೇಳ್ರಿ. ಲೈಸೆನ್ಸ್ ಪರೀಕ್ಷೆ ಹತ್ರ ಬಂತು."

ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೋರಿಸುತ್ತ, ಅವಳ ಉಸಿರು ತಾಕುವಷ್ಟು ಸಮೀಪದಲ್ಲಿ ಸಂಜೆಯವರೆಗೂ ಕೂತಿದ್ದ. ಒಮ್ಮೆಯೂ ಮುಖ ತಿರುಗಿಸಲಿಲ್ಲ.

'ಕೇಳಿದಾಗ ಖರೇ ಹೇಳಿದಾಂವಾ ಇಂವಾ ಒಬ್ಬನ. ದೂರ ಹೋಗದಾಂವನೂ ಇಂವಾ ಒಬ್ಬನ...' ಸೌಂದರ್ಯಾಳ ಎದೆ ತುಂಬಿ ಬಂತು.

ಗಾಯ ಮಾಯಿತು. ಅದರ ಜೊತೆಗೆ ವಾಸನೆಯೂ ಹೋಯಿತು! ಪರೀಕ್ಷೆಯಲ್ಲಿ ಪಾಸಾಗಿ ಲೈಸೆನ್ಸ್ ಪಡೆದಳು. ಹಳೇ ಸಾಲಿಗೆ ಹೋಗಿ ಮತ್ತೆ ಕೆಲಸ ಕೇಳಿ, ಮಕ್ಕಳ ನಡುವೆ ಕೂತು ಪಾಠ ಶುರುಮಾಡಿದಳು.

ಸುದ್ದಿ ಗೋಪನಕೊಪ್ಪ ಮುಟ್ಟಿತು. ಒಂದು ರವಿವಾರ ಕಾಳವ್ವ, ಗುರುಸಿದ್ಧ ಇಬ್ಬರೂ ಮನೆಯಲ್ಲಿ ಹಾಜರು!

"ಈಗ ಹುಡುಗಿ ಆರಾಮ ಆಗ್ಯಾಳಂತ. ಆಗಿದ್ದು ಆಗಿಹೋತು. ನಮ್ಮ ಹುಡುಗನೂ ಹೂಂ ಅಂದಾನ" ಎಂದಳು ಕಾಳವ್ವ. ಅವ್ವನ ಕಣ್ಣರಳಿತು.

ಸೌಂದರ್ಯಾ ಅವರೆದುರೇ ಬಂದು ಕೂತಳು. ಕೈ ಬಾಯಿಗೆ ಅಡ್ಡ ಹೋಗಲಿಲ್ಲ.

"ಅತ್ತೀರಿ, ನನಗ ಇದ್ದದ್ದು ಒಂದು ರೋಗ. ತಪ್ಪಲ್ಲ. ನೀವು ನಾಕು ಮಂದ್ಯಾಗ ನನ್ನ ಮಾನ ತಗದ್ರಿ. ಇವರು ತಲಿ ಎತ್ತಲಿಲ್ಲ. ನಾಳಿ ನನಗ ಮತ್ತೊಂದು ರೋಗ ಬಂದ್ರ? ಆವಾಗೂ ಮೊಬೈಲ್ ನೋಡ್ಕೊಂತ ಕುಂದರ್ತಾರೇನ್ರಿ?"

"ಹಂಗಲ್ಲ ಸೌಂದರ್ಯಾ..." ಗುರುಸಿದ್ಧ ತೊದಲಿದ.

"ಚಾ ಕುಡದು ಹೋಗ್ರಿ. ಈ ಮದುವಿ ಆಗಂಗಿಲ್ಲ."

ಅವರು ಚಹಾ ಮುಟ್ಟದೆ ಎದ್ದರು. ಅವ್ವ ತಲೆಯ ಮೇಲೆ ಕೈ ಹೊತ್ತಳು. ಅಪ್ಪ ಮಾತ್ರ ಅವರು ಬಿಟ್ಟ ಚಹಾವನ್ನು ತಾನೇ ಕುಡಿದು ಮೀಸೆಯಲ್ಲೇ ನಕ್ಕ.

ಸೌಂದರ್ಯಾ ನೇರವಾಗಿ ಡ್ರೈವಿಂಗ್ ಸ್ಕೂಲಿಗೆ ಹೋದಳು.

ಶಂಭುಲಿಂಗ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಮಂಡಕ್ಕಿ ಕಟ್ಟಿದ ಪೇಪರಿನ ಪೊಟ್ಟಣ ಮುಚ್ಚಿದ. "ಬರ್ರಿ ಬರ್ರಿ... ಏನು ಇಷ್ಟೊತ್ನ್ಯಾಗ?"

"ಒಂದು ಮಾತು ಕೇಳೂದೈತಿ. ಖರೇನ ಹೇಳ್ಬೇಕು. ಅವತ್ತು ನೀವು ಮನಿಗೆ ಬಂದು ಕುಂತಿದ್ದು... ಕನಿಕರಕ್ಕೇನ್ರಿ?"

"ಕನಿಕರ ಇದ್ದಿದ್ರ ಐಸ್‌ಕ್ರೀಮ್ ಕೊಟ್ಟು ಹೋಗ್ತಿದ್ದೆ." ಅವನ ದನಿ ತಗ್ಗಿತು. "ನಡುರಸ್ತೆದಾಗ ಗಾಡಿ ನಿಲ್ಲಿಸಿ ಖರೇ ಹೇಳ್ರಿ ಅಂದ್ರಲ್ಲಾ... ಅವತ್ತಿನಿಂದ ನನಗ ಬ್ಯಾರೆ ಯಾರೂ ಕಾಣವಲ್ರು."

"ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲ?"

"ಅಂಜಿಕಿ ಆತ್ರಿ..."

"ಹಂಗಾರ ನಾನs ಕೇಳ್ತೇನಿ. ನನ್ನ ಮದುವಿ ಆಗ್ತೀರೇನ್ರಿ?"

ಶಂಭುಲಿಂಗನ ಕಣ್ಣು ತುಂಬಿತು. ತಲೆಯಾಡಿಸಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅವನು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ!

"ತಡೀರಿ... ಈಗಷ್ಟs ಗಿರಮಿಟ್ಟು ತಿಂದೇನಿ. ಹಸಿ ಉಳ್ಳಾಗಡ್ಡಿ... ಭಾಳ ವಾಸನಿ ಬರತೈತ್ರಿ."

ಸೌಂದರ್ಯಾ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಬರಲಿ ಬಿಡ್ರಿ. ನಾ ಎಲ್ಲೂ ದೂರ ಹೋಗಾಕಿ ಅಲ್ಲ."