ಮೂತಿಯ ಸೀಸ

ಬಾಲವಿಲ್ಲದ ವಿಮಾನದ ಏಳನೆಯ ಮಾದರಿ ಬಯಲಿನಲ್ಲಿ ಪುಡಿಪುಡಿಯಾಗಿ ಬಿದ್ದಿತ್ತು. ಕೈಬಿಟ್ಟೊಡನೆ ಮೂತಿ ಮೇಲೆತ್ತಿ, ಲಾಗ ಹಾಕಿ ನೆಲ ಕಚ್ಚಿತ್ತು. ಮೂತಿಯೊಳಗೆ ತಿರುಪು ಹಾಕಿ ಕೂರಿಸಿದ್ದ ಸೀಸದ ಗಟ್ಟಿ ಮಾಯ!

"ಆ ಬಡಗಿ ಮೇಸ್ತ್ರಿದೇ ಕೆಲ್ಸ! ಸಂಜೆಯೊಳಗೆ ಮನೆಗೆ ಕಳಿಸ್ತೀನಿ," ಎಂದು ದೊಡ್ಡ ಎಂಜಿನಿಯರ್ ಬೆಳಗಿನಿಂದ ಕೂಗುತ್ತಲೇ ಇದ್ದರು. ವಜಾ ಪತ್ರ ಆಗಲೇ ಟೈಪಾಗಿತ್ತು.

ತನಿಖೆಗೆ ಬಂದ ಭದ್ರತಾ ಅಧಿಕಾರಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಒಂದು ಪ್ರಶ್ನೆ ಕೇಳಿದರೆ ಎಂಜಿನಿಯರರಿಂದ ಹತ್ತು ಉಪನ್ಯಾಸ! ಬಾಲ ಬಿಟ್ಟು ಬರೀ ರೆಕ್ಕೆಯನ್ನೇ ಹಾರಿಸಲು ಹೊರಟ ಹಳೆಯ ಸಂಶೋಧಕರ ಕಥೆಯನ್ನು ಆಕೆ ಎರಡು ಸಲ ಕೇಳಿಯಾಗಿತ್ತು.

"ಸಾರ್, ಸೀಸ ಇಲ್ದಿದ್ರೆ ಏನಾಗುತ್ತೆ? ಅಷ್ಟು ಹೇಳಿ, ಸಾಕು."

"ಬಾಲ ಇದ್ರೆ ಅದು ಸಂಭಾಳಿಸ್ತಿತ್ತು. ಇದಕ್ಕೆ ಮೂತಿ ಭಾರನೇ ಜೀವ. ಅದನ್ನ ತೆಗೆದವನು ಕೊಲೆಗಾರ!"

ಮೇಸ್ತ್ರಿ ಮುರಿದ ರೆಕ್ಕೆಯ ಚೂರು ಹಿಡಿದು ಕಾರ್ಯಾಗಾರದ ಮೂಲೆಯಲ್ಲಿ ಕೂತಿದ್ದರು.

"ಸೀಸ ಕೊನೇ ಸಲ ನೋಡಿದ್ದು ಯಾವಾಗ, ಮೇಸ್ತ್ರಿ?"

"ನಿನ್ನೆ ಮಧ್ಯಾಹ್ನ, ಮೇಡಂ. ಸೀಸ ಮೂತಿಯೊಳಗೇ ಇತ್ತು. ಸಾಹೇಬ್ರು ಅಳತೆ ನೋಡ್ಬೇಕು ಅಂದ್ರು, ಮಾದರೀನ ನಕ್ಷೆ ಕೋಣೇಲಿ ಇಟ್ಟು ಬಂದೆ."

"ಹಾರಿಸೋ ಮುಂಚೆ ತೂಗಿ ನೋಡ್ಲಿಲ್ವಾ?"

"ತೂಗ್ತೀನಿ ಅಂದೆ. ಟೈಮಿಲ್ಲ, ನಿನ್ನೆ ತಾನೇ ಸರಿ ಇತ್ತಲ್ಲ ಅಂದ್ರು ಸಾಹೇಬ್ರು. ನಾನು ಕೆತ್ತಿದ್ದನ್ನ ನಾನೇ ಬೀಳಿಸ್ತೀನಾ, ಮೇಡಂ?"

ನಕ್ಷೆ ಕೋಣೆಯಲ್ಲಿ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಮೇಜಿನ ಮೇಲೆ ಉದ್ದನೆಯ ನಕ್ಷೆ. ನಾಲ್ಕು ಮೂಲೆಗೂ ಒಂದೊಂದು ಭಾರ.

"ಇಲ್ಲಿಗೆ ಯಾರ್ಯಾರು ಬರ್ತಾರೆ?"

"ಮಾದರಿ ಇಟ್ಟು ಹೋದ್ಮೇಲೆ ನಾನೊಬ್ನೇ. ಕೀಲಿಕೈ ನನ್ನ ಹತ್ರಾನೇ ಇರುತ್ತೆ," ಎಂದರು ಎಂಜಿನಿಯರ್, ಎದೆಯುಬ್ಬಿಸಿ.

ಆಕೆ ಭಾರಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ನಾಲ್ಕನೆಯದನ್ನು ಕೆಳಗಿಡಲಿಲ್ಲ. ನಕ್ಷೆಯ ಮೂಲೆ ಪಟಪಟನೆ ಹೊಡೆದುಕೊಂಡಿತು.

"ಆ ಮೂರಕ್ಕೂ ಅಡಿಯಲ್ಲಿ ಬಟ್ಟೆ ಅಂಟಿಸಿದೆ. ಇದಕ್ಕೆ ಬಟ್ಟೆ ಇಲ್ಲ, ತಿರುಪಿನ ತೂತಿದೆ. ಬೆಳಗಿನಿಂದ ನನ್ನ ಪ್ರಾಣ ತಿಂದ್ರಲ್ಲ, ಸಾರ್! ನಿನ್ನೆ ನಕ್ಷೆ ಹಾರ್ತಿತ್ತು, ಒಂದು ಭಾರ ಕಮ್ಮಿ ಬಿತ್ತು. ಪಕ್ಕದಲ್ಲೇ ಇದ್ದ ಮಾದರಿಯ ಮೂತಿ ಬಿಚ್ಚಿದ್ರಿ. ವಾಪಸ್ ಹಾಕೋದು ಮರೆತ್ರಿ. ಕೊಲೆಗಾರ ನೀವೇ!"

"ಅಯ್ಯೋ... ಎರಡು ನಿಮಿಷಕ್ಕೆ ಅಂತ..." ಎಂಜಿನಿಯರ್ ಕುರ್ಚಿಯಲ್ಲಿ ಕುಸಿದರು. ಆಮೇಲೆ ಜೇಬಿನಿಂದ ವಜಾ ಪತ್ರ ತೆಗೆದು, ತಲೆ ಎತ್ತದೆ ಹರಿದುಹಾಕಿದರು.

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಸೀಸ ಇಸಿದುಕೊಂಡು ಅಂಗಿಗೆ ಒರೆಸಿದರು.

"ಎಂಟನೇದನ್ನೂ ನಾನೇ ಕೆತ್ತಿಕೊಡ್ತೀನಿ, ಸಾಹೇಬ್ರೆ. ಆದ್ರೆ ಈ ಕೋಣೆ ಕೀಲಿಕೈ ಇನ್ಮುಂದೆ ನನ್ನ ಹತ್ರ ಇರ್ಲಿ."

ಎಂಜಿನಿಯರ್ ತೆಪ್ಪಗೆ ಕೀಲಿಕೈ ಕೊಟ್ಟರು.