ಹಿಡಿಯಕ್ಕಿಯ ಡ್ರಮ್ಮು

ಡ್ರಮ್ಮಿನೊಳಗೆ ಕೈಯಾಡಿಸಿದ ಮನೋರಮಾ ಬೆಚ್ಚಿದಳು.

"ದಿಲೀಪಣ್ಣಾ, ಬೇಗ ಬನ್ನಿ! ಇದು ನಮ್ಮ ಅಕ್ಕಿಯಲ್ಲ!"

ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು; ಈ ವಾರದ ಅಕ್ಕಿಯನ್ನು ಇನ್ನೂ ಯಾರೂ ಸುರಿದಿರಲಿಲ್ಲ. ವಸಂತ್ ಕುಂಜ್‌ನ ಬಾಡಿಗೆ ಹಾಲ್‌ನಲ್ಲಿ ಸೇರುವ ಆ ಕನ್ನಡ ಕ್ರೈಸ್ತ ಸಭೆಯವರು ಊರಿನ ಪದ್ಧತಿಯೊಂದನ್ನು ದೆಹಲಿಯಲ್ಲೂ ಬಿಟ್ಟಿರಲಿಲ್ಲ. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ದೇವರಿಗೆಂದು ತೆಗೆದಿಡುವುದು, ವಾರಕ್ಕೊಮ್ಮೆ ತಂದು ಈ ಡ್ರಮ್ಮಿಗೆ ಸುರಿಯುವುದು. ತಿಂಗಳ ಕೊನೆಗೆ ಅದು ಕೆಲಸ ಕಳೆದುಕೊಂಡವರ ಮನೆ ಸೇರುತ್ತಿತ್ತು. ಒಬ್ಬರ ಬಾಸ್ಮತಿ, ಇನ್ನೊಬ್ಬರ ಕುಸುಬಲಕ್ಕಿ, ಮತ್ತೊಬ್ಬರ ಸೋನಾಮಸೂರಿ— ಎಲ್ಲ ಬೆರೆತಿರಬೇಕಿತ್ತು. ಈಗ ನೋಡಿದರೆ ತಳದವರೆಗೂ ಒಂದೇ ಬಗೆ. ಹೊಚ್ಚಹೊಸ ಸೋನಾಮಸೂರಿ!

"ಕದ್ದಿದ್ದಾರೆ!" ಸಭೆಯ ಕಾರ್ಯದರ್ಶಿ ದಿಲೀಪ್ ಗುಡುಗಿದರು. "ಸಿಕ್ಕಿಬೀಳೋ ಭಯಕ್ಕೆ ಅಂಗಡಿ ಅಕ್ಕಿ ಸುರಿದಿದ್ದಾರೆ. ಚಂದ್ರಪ್ಪಾ!"

ಹಾಲ್ ನೋಡಿಕೊಳ್ಳುವ ಚಂದ್ರಪ್ಪ ಪೊರಕೆ ಹಿಡಿದೇ ಓಡಿಬಂದ. ಸಭೆಯವರು ಕೊಟ್ಟ ಹಿಂದಿನ ಕೋಣೆಯೇ ಅವನ ಮನೆ.

"ನಿನ್ನೆ ಕೀ ಯಾರಿಗೆ ಕೊಟ್ಟೆ?"

"ಹೇಳೋಕಾಗಲ್ಲ ಸಾರ್. ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ಕೀ ಇಲ್ಲಿಡು. ಸಂಜೆಯೊಳಗೆ ಕೋಣೆ ಖಾಲಿ ಮಾಡು!"

ಕೀಗೊಂಚಲು ಮೇಜಿನ ಮೇಲೆ ಬಿತ್ತು. ಚಂದ್ರಪ್ಪನ ಮುಖ ನೋಡಿ ಮನೋರಮಾ ನಡುವೆ ಬಂದಳು.

"ಊಟ ಮುಗಿಯೋವರೆಗೆ ಟೈಮ್ ಕೊಡಿ ಅಣ್ಣಾ. ನಿಮಗೆ ಬೇರೆ ಯಾರ ಮೇಲಾದ್ರೂ ಡೌಟಿದೆಯಾ?"

"ಪದ್ಮಾ ಮೇಲಿದೆ. ಮೂರು ತಿಂಗಳಿಂದ ದಶಮಾಂಶದ ಕವರ್ ಕೊಟ್ಟಿಲ್ಲ. ಸಂಬಳದಲ್ಲಿ ಹತ್ತನೇ ಒಂದು ಪಾಲು ದೇವರದು ಅಂತ ಎಷ್ಟು ಸಲ ಹೇಳೋದು?"

ಓಖ್ಲಾದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಪದ್ಮಾ ಮಹಡಿಯಲ್ಲಿ ಸಂಡೇಸ್ಕೂಲ್ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಎಲ್ಲರೂ ತಂದ ಊಟದ ನಡುವೆ ಅವಳ ಚಿತ್ರಾನ್ನದ ಡಬ್ಬಿಯೂ ಇತ್ತು. ಯೋಚಿಸುತ್ತಲೇ ಮನೋರಮಾ ಅದನ್ನೇ ತಟ್ಟೆಗೆ ಹಾಕಿಕೊಂಡಳು. ಒಂದು ತುತ್ತು. ಅರ್ಧ ಮುದ್ದೆ, ಅರ್ಧ ಗಟ್ಟಿ! ಅಷ್ಟು ಚೆನ್ನಾಗಿ ಅಡುಗೆ ಮಾಡುವ ಪದ್ಮಾಳ ಕೈಯಲ್ಲಿ ಹೀಗಾಗುವುದೇ?

ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ಅಗುಳುಗಳನ್ನು ಬೇರೆಬೇರೆ ಮಾಡಿದಳು.

"ಪದ್ಮಾ! ಸ್ವಲ್ಪ ಕೆಳಗೆ ಬಾಮ್ಮಾ!"

ಪದ್ಮಾ ಇಳಿದು ಬಂದಳು. ಮೇಜಿನ ಮೇಲಿನ ಕೀ ಕಂಡು ಅವಳ ಮುಖ ಬಿಳುಪೇರಿತು.

"ಹೋದ ವರ್ಷ ನಿನ್ನ ಹಳೇ ಫ್ಯಾಕ್ಟರಿ ಮುಚ್ಚಿದಾಗ ಈ ಹಿಡಿಯಕ್ಕಿ ತಿಂದವಳು ನೀನಲ್ವಾ?"

"ಹೌದಕ್ಕಾ. ನಾಲ್ಕು ತಿಂಗಳು."

"ಅನ್ನ ಹೇಗಾಗ್ತಿತ್ತು? ನಿಜ ಹೇಳು."

ಪದ್ಮಾ ಸೆರಗಿನ ತುದಿ ತಿರುಚಿದಳು. "ಬಾಸ್ಮತಿ ಮುದ್ದೆಯಾಗೋದು, ಕುಸುಬಲಕ್ಕಿ ಬೇಯ್ತಾನೇ ಇರಲಿಲ್ಲ. ಮಗಳು ಬೆಂದಿದ್ದು ಆರಿಸಿ ಆರಿಸಿ ತಿಂತಿದ್ಲು."

ಮನೋರಮಾ ದಿಲೀಪರ ಕಡೆ ತಿರುಗಿದಳು.

"ನಾವೆಲ್ಲ ಡ್ರಮ್ಮು ನೋಡಿದ್ವಿ, ಈ ಡಬ್ಬಿ ನೋಡಲಿಲ್ಲ. ಇದರಲ್ಲಿ ಮೂರು ಥರದ ಅಕ್ಕಿ ಇದೆ. ಯಾವ ಅಂಗಡಿಯವನು ಹೀಗೆ ಬೆರೆಸಿ ಮಾರ್ತಾನೆ? ಡ್ರಮ್ಮು ಖಾಲಿ ಮಾಡಿದವಳು ಪದ್ಮಾನೇ! ದಶಮಾಂಶದ ದುಡ್ಡಲ್ಲಿ ಒಂದೇ ಥರದ ಅಕ್ಕಿ ತಂದು ಸುರಿದಿದ್ದಾಳೆ. ನಮ್ಮ ಬೆರಕೆ ಅಕ್ಕಿ ಹೊತ್ಕೊಂಡು ಹೋಗಿ ತಾನು ಬೇಯಿಸ್ಕೊಂಡಿದ್ದಾಳೆ. ಹೌದಾ ಪದ್ಮಾ?"

"ತಪ್ಪಾಯ್ತಕ್ಕಾ. ಈ ಸಲ ಅಕ್ಕಿ ಹೋಗೋ ಮನೇಲಿ ಎರಡು ಪುಟ್ಟ ಮಕ್ಕಳಿವೆ. ಆದ್ರೆ ನನ್ನ ಕಷ್ಟಕ್ಕಾದ ಅಕ್ಕಿಗೆ ನಾನೇ ಹೆಸರಿಡೋದು ಹೇಗೆ? ಅದಕ್ಕೇ ಯಾರಿಗೂ ಹೇಳಬೇಡ ಅಂತ ಚಂದ್ರಪ್ಪಂಗೆ ಹೇಳಿದ್ದೆ."

ದಿಲೀಪ್ ಡಬ್ಬಿಯಿಂದ ಒಂದು ಚಮಚ ಚಿತ್ರಾನ್ನ ಬಾಯಿಗಿಟ್ಟು ಅಗಿದರು. ಕಟಕ್!

"ಹನ್ನೆರಡು ವರ್ಷದಿಂದ ಹಂಚ್ತಾ ಇದ್ದೀನಿ," ಎಂದರು ಮೆಲ್ಲಗೆ. "ಒಂದು ದಿನಾನೂ ತಿಂದು ನೋಡಿರಲಿಲ್ಲ."

ಮೇಜಿನ ಮೇಲಿದ್ದ ಕೀ ಎತ್ತಿ ಚಂದ್ರಪ್ಪನ ಅಂಗೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿದರು. ಆಮೇಲೆ ಪದ್ಮಾಳತ್ತ ನೋಡಿದರು.

"ಆ ಅಕ್ಕಿ ಇನ್ನೆಷ್ಟಿದೆಯಮ್ಮಾ?"

"ಇಪ್ಪತ್ತು ಕೆಜಿ ಇರಬಹುದಣ್ಣಾ."

"ನಮ್ಮ ಮನೆಗೆ ಕಳಿಸು."